ಅಮವಾಸ್ಯೆಗೊಮ್ಮೆ ನಡೆಯುವ ಕಂಪ್ಯೂಟರ್

ಮದುವೆಯಾಗಿ ಜಮಖಂಡಿಯಿಂದ ಬನಹಟ್ಟಿಗೆ ಬಂದ ದಿನ ನನ್ನ ಹಿಂದೆಯೇ ಸಾಮಾನು ತುಂಬಿದ ಒಂದು ಟಂಟಂ ಗಾಡಿ ಬಂತು. ತವರಿನವರು ಕೊಟ್ಟ ಹಂಡೆ, ಕೊಡ, ಕಪಾಟು, ಗಾದಿ. ಗಾದಿಯ ಸುರುಳಿಯೊಳಗೆ ನನ್ನ ಕಂಪ್ಯೂಟರ್. ಬಿಸಿಎ ಓದುವಾಗ ಅಪ್ಪ ಕೊಡಿಸಿದ್ದು. ಅದನ್ನು ಬಿಟ್ಟು ಗಂಡನ ಮನೆಗೆ ಹೋಗುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ಸಾಮಾನು ಇಳಿಸುವಾಗ ಓಣಿಯ ಹೆಂಗಸರು ಮಾನಿಟರ್ ನೋಡಿ, "ಮನ್ಯಾಗ ಟೀವಿ ಇದ್ದರೂ ಇನ್ನೊಂದ ಟೀವಿ ತಂದಾಳ ನೋಡ್ರೆವಾ" ಎಂದು ಮಾತಾಡಿಕೊಂಡರು. ಹೊಸ ಸೊಸೆ ಬಾಯಿ ಮುಚ್ಚಿಕೊಂಡಿರಬೇಕಾದ ಹೊತ್ತು ಅದು. ನಾನು ತಲೆ ಮೇಲಿನ ಸೆರಗು ಸರಿಮಾಡಿಕೊಂಡು, "ಟೀವಿ ಅಲ್ರೀ, ಕಂಪ್ಯೂಟರ್" ಎಂದುಬಿಟ್ಟೆ. ನಮ್ಮವರು, ಅಂದರೆ ನನ್ನ ಗಂಡ, ಅತ್ತ ತಿರುಗಿ ನಕ್ಕರು.

ಅದು ನೇಕಾರರ ಮನೆ. ಮುಂದಿನ ಪಡಸಾಲೆಯಲ್ಲಿ ವಿದ್ಯುತ್ ಮಗ್ಗಗಳು, ನಡುಮನೆಯಲ್ಲಿ ಊಟ ನಿದ್ದೆ, ಒಳಗೆ ಅಡುಗೆಮನೆ. ಬೆಳಗಾಯಿತೆಂದರೆ ಮಗ್ಗಗಳ ಖಟಪಟ ಶುರು. ಆ ಸದ್ದಿನಲ್ಲಿ ಕೂಗಿ ಕೂಗಿ ಅಭ್ಯಾಸವಾಗಿ, ಮಗ್ಗ ನಿಂತಾಗಲೂ ನಮ್ಮ ಮನೆಯವರು ಕೂಗಿಯೇ ಮಾತಾಡುತ್ತಾರೆ. ಮೊದಲ ವಾರ ಎಲ್ಲರೂ ನನ್ನ ಮೇಲೆ ಸಿಟ್ಟಾಗಿದ್ದಾರೆ ಅಂದುಕೊಂಡಿದ್ದೆ. ನಡುಮನೆಯ ಕಿಟಕಿ ಪಕ್ಕದ ಮೂಲೆಯಲ್ಲಿ ಒಳ್ಳೆಯ ಬೆಳಕಿತ್ತು, ಒಂದು ಪ್ಲಗ್ಗೂ ಇತ್ತು. ಯಾರನ್ನೂ ಕೇಳದೆ ಅಲ್ಲಿ ಮೇಜು ಹಾಕಿ ಕಂಪ್ಯೂಟರ್ ಕೂರಿಸಿದೆ.

ಆ ಮೂಲೆಯ ಮೇಲೆ ಅತ್ತೆಗೆ ಮೊದಲೇ ಕಣ್ಣಿತ್ತು ಎಂದು ನನಗೇನು ಗೊತ್ತು? ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ನೂಲಿನ ಸುರುಳಿಗೆ ಕಂಡಿಕಿ ಅನ್ನುತ್ತಾರೆ. ಮನೆಯ ಮಗ್ಗಗಳಿಗೆಲ್ಲ ಕಂಡಿಕಿ ಸುತ್ತುವವರು ಅತ್ತೆ, ಅದೂ ಕೈರಾಟಿಯ ಮೇಲೆ. ತಿರುಗಿಸಿ ತಿರುಗಿಸಿ ಅವರ ಬಲಗೈಯ ರಟ್ಟೆ ಸೋತುಹೋಗಿತ್ತು. ಕರೆಂಟಿನಿಂದ ತಿರುಗುವ ಕಂಡಿಕಿ ಮಶಿನ್ನಿಗೆ ಮಾವ ಹೇಳಿಟ್ಟಿದ್ದರು. ಅದಕ್ಕೆ ಬೆಳಕು ಬೇಕು, ಪ್ಲಗ್ಗು ಬೇಕು. ಅಂದರೆ ಆ ಮೂಲೆಯೇ ಬೇಕು.

ನಾನು ಸುಮ್ಮನೆ ಬಿಟ್ಟುಕೊಡುವವಳಲ್ಲ. ಸೀರೆಯ ಅಂಚಿನ ಚಿತ್ರವನ್ನು ಚೌಕುಳಿ ಕಾಗದದ ಮೇಲೆ ಒಂದೊಂದೇ ಚೌಕ ತುಂಬುತ್ತ ಬಿಡಿಸಿ, ಅದರಂತೆ ರಟ್ಟಿಗೆ ತೂತು ಹೊಡೆಸಿ ಮಗ್ಗಕ್ಕೆ ಏರಿಸುವುದನ್ನು ನೋಡಿದ್ದೆ. ಒಂದು ಚೌಕ ತಪ್ಪಿದರೆ ಕಾಗದವೇ ಹಾಳು. "ಇದನ್ನ ನಾ ಕಂಪ್ಯೂಟರಿನ್ಯಾಗ ಬಿಡಸ್ತೇನ್ರಿ, ತಪ್ಪಿದರ ಅಳಿಸಿ ಮತ್ತ ತುಂಬಬಹುದು" ಎಂದು ಊಟದ ಹೊತ್ತಿಗೆ ಸಾರಿದೆ. ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅತ್ತೆಯ ಮುಖ ನೋಡಿದರು. ಅತ್ತೆ ಒಂದು ಕರಾರು ಹಾಕಿದರು.

"ಹಂಗಾರ ಹಿಂಗ ಮಾಡು. ಮಶಿನ್ ಬರೂದು ದಸರಾ ಆದ ಮ್ಯಾಲೆ. ಅಷ್ಟರಾಗ ನಿನ್ನ ಡಬ್ಬಿಯಿಂದ ಒಂದಾದರೂ ಅಂಚು ಮಗ್ಗಕ್ಕ ಏರಲಿ. ಏರಿತಂದ್ರ ಮೂಲಿ ನಿಂದು. ಏರಲಿಲ್ಲಂದ್ರ ಡಬ್ಬಿ ಅಟ್ಟಕ್ಕ ಏರತೈತಿ."

ಆಗಿನ್ನೂ ಮುಂಗಾರು ಶುರುವಾಗಿರಲಿಲ್ಲ. ದಸರಾ ಎಲ್ಲಿ, ನಾನೆಲ್ಲಿ! "ಆತ್ರೀ" ಎಂದು ನಗುನಗುತ್ತ ಒಪ್ಪಿಕೊಂಡೆ. ಒಳಗೊಳಗೆ ಮಾತ್ರ ಆ ಮೂಲೆ ಹೋದರೆ ಈ ಮನೆಯಲ್ಲಿ ನನ್ನದು ಅಂತ ಏನೂ ಉಳಿಯುವುದಿಲ್ಲ ಎಂಬ ಅಳುಕು ಇತ್ತು. ಕಪಾಟಿನಲ್ಲಿ ಆಗಲೇ ಎಲ್ಲರ ಬಟ್ಟೆ ಸೇರಿಕೊಂಡಿದ್ದವು.

ಅದೇ ವಾರ ಕಂಪ್ಯೂಟರಿನಲ್ಲಿದ್ದ ಹಳೆಯದೆಲ್ಲ ಅಳಿಸಿ, ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದೆ. ಕಾಲೇಜಿನಲ್ಲಿ ಒಬ್ಬ ಗೆಳತಿ ಕೊಟ್ಟ ಸಿಡಿ ಅದು. ಹಾಕಿದ ಕೂಡಲೇ ಪರದೆಯ ಮೇಲಿನ ಅಕ್ಷರಗಳೆಲ್ಲ ಅಂಗೈ ಅಗಲ ಕಾಣತೊಡಗಿದವು, ಸ್ಪೀಕರಿನಿಂದ ಚಕಾರವೂ ಇಲ್ಲ. ನಾನು ಹೆದರಲಿಲ್ಲ. ಕಪ್ಪು ಕಿಟಕಿ ತೆರೆದು ಬಿಳಿ ಅಕ್ಷರಗಳಲ್ಲಿ ಆಜ್ಞೆ ಹೊಡೆಯತೊಡಗಿದೆ. ಪರದೆಯ ಅಳತೆ ಕೈಯಿಂದಲೇ ಬರೆದುಕೊಟ್ಟೆ. ಸದ್ದಿನ ಗುಂಡಿ ಒಳಗೆ ಎಲ್ಲೋ ಮುಚ್ಚಿಕೊಂಡಿತ್ತು, ತೆರೆದೆ. ಹಾಡು ಮನೆ ತುಂಬಾ ಮೊಳಗಿತು. ಹಾದುಹೋಗುತ್ತಿದ್ದ ಅತ್ತೆ ಕಪ್ಪು ಪರದೆ ನೋಡಿ, "ಏನವಾ, ಮಂತ್ರಾ ಹಾಕಾಕತ್ತಿಯೇನ?" ಎಂದರು. ಅಂದು ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಗಂಡನಿಗೆ ಎರಡೆರಡು ಸಲ ಕಥೆ ಹೇಳಿದೆ, ಮೂರನೆಯ ಸಲ ಅವರೇ ಎದ್ದುಹೋದರು.

ನೇಕಾರರ ಮನೆಯಲ್ಲಿ ಗಾಳಿಯಲ್ಲೇ ಹತ್ತಿಯ ಎಳೆ ತೇಲುತ್ತಿರುತ್ತದೆ. ಹುಬ್ಬಿನ ಮೇಲೆ, ಹಾಲಿನ ಕೆನೆಯ ಮೇಲೆ, ದೇವರ ಫೋಟೋದ ಮೇಲೆ ಎಲ್ಲ ಕಡೆ ಅದೇ. ಹಾಗಾಗಿ ಅಲ್ಲಿ ಬೆಲೆಬಾಳುವ ಯಾವ ವಸ್ತುವೂ ಬತ್ತಲೆ ಇರುವುದಿಲ್ಲ. ಟೀವಿಗೆ ಹೊದಿಕೆ, ಮಿಕ್ಸರಿಗೆ ಹೊದಿಕೆ, ಹೊಲಿಗೆ ಯಂತ್ರಕ್ಕೆ ಹೊದಿಕೆ. ಒಂದು ದಿನ ನಾನು ಮಿಂದು ಬರುವಷ್ಟರಲ್ಲಿ ಮೇಜಿನ ಕೆಳಗಿನ ಸಿಪಿಯು ಡಬ್ಬಿ ಬಣ್ಣಬಣ್ಣದ ಕುಂಚಿಗಿ ತೊಟ್ಟು ಕೂತಿತ್ತು. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುತ್ತದಲ್ಲ, ಥೇಟ್ ಹಾಗೆಯೇ. ಅತ್ತೆ ಹಳೆಯ ಸೀರೆಗಳ ತುಂಡು ಸೇರಿಸಿ, ಪದರದ ಮೇಲೆ ಪದರ ಇಟ್ಟು ಕೌದಿ ಹೊಲಿದಂತೆ ಹೊಲಿದಿದ್ದರು. ಮುಂದೆ ಗುಂಡಿ ಒತ್ತಲು ಒಂದು ಕಿಂಡಿ, ಹಿಂದೆ ವಾಯರ್ ಹೋಗಲು ಒಂದು ಸೀಳು. ನೋವಿರುವ ರಟ್ಟೆಯಲ್ಲಿ ಅಷ್ಟು ಸಣ್ಣ ಹೊಲಿಗೆ! ಅಟ್ಟಕ್ಕೆ ಏರಿಸುತ್ತೇನೆ ಎಂದವರೇ ಹೀಗೆ ಹೊಲಿದಿದ್ದರು. ತವರಿಗೆ ಫೋನ್ ಮಾಡಿ ಅವ್ವನ ಮುಂದೆ ಜಂಬ ಕೊಚ್ಚಿಕೊಂಡೆ.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಚಿತ್ರ ಬಿಡಿಸಲು ಕೂತರೆ ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಟಪ್ಪೆಂದು ಆರುತ್ತಿತ್ತು. ಮುನ್ಸೂಚನೆ ಇಲ್ಲ, ಕ್ಷಮಾಪಣೆ ಇಲ್ಲ. ಮನೆಯಲ್ಲಿ ಲೈಟ್ ಇದ್ದೇ ಇತ್ತು, ಮಗ್ಗ ನಡೆದೇ ಇದ್ದವು. ಮತ್ತೆ ಹಚ್ಚಿದರೆ ಇನ್ನೂ ಬೇಗ ಆರುತ್ತಿತ್ತು. ಎಲ್ಲರ ಬೆರಳೂ ಲಿನಕ್ಸ್ ಕಡೆಗೇ ತೋರಿಸಿದವು, ಯಾಕೆಂದರೆ ಹೊಸದಾಗಿ ಬಂದದ್ದು ಅದೇ. "ಪುಕ್ಕಟೆ ಸಿಕ್ಕದ್ದು ಎಷ್ಟ ನಡೀತೈತಿ?" ಎಂದು ಮಾವ. ಹೊಸ ಸೊಸೆಯ ಕಾಲ್ಗುಣದ ಮಾತು ಬರುವುದಕ್ಕಿಂತ ಲಿನಕ್ಸಿನ ಕಾಲ್ಗುಣದ ಮಾತೇ ವಾಸಿ ಎಂದು ನಾನೂ ತೆಪ್ಪಗಿದ್ದೆ.

ಲಿನಕ್ಸ್ ತಾನು ಮಾಡಿದ್ದನ್ನೆಲ್ಲ ಬರೆದಿಡುತ್ತದೆ. ಅದನ್ನು ತೆರೆದು ಓದಿದೆ. ಮೌಸ್ ಸಿಕ್ಕಿತು, ಕೀಲಿಮಣೆ ಸಿಕ್ಕಿತು ಎಂದೆಲ್ಲ ಬರೆದು, ಆಮೇಲೆ ಒಂದಕ್ಷರ ಇಲ್ಲ. ಮಾತಾಡುತ್ತ ಮಾತಾಡುತ್ತ ನಿದ್ದೆ ಹೋದವರ ಹಾಗೆ ನಡುವೆಯೇ ನಿಂತುಹೋಗಿತ್ತು. ಕರೆಂಟಿನ ಏರಿಳಿತ ಇರಬೇಕೆಂದು ಪಕ್ಕದ ಮನೆಯಿಂದ ಸ್ಟೆಬಿಲೈಜರ್ ತಂದೆವು. ಆರಿತು. ಮಗ್ಗದ ಅದುರಿಕೆ ಇರಬೇಕೆಂದು ಮೇಜಿನ ಕಾಲಿನ ಕೆಳಗೆ, ಡಬ್ಬಿಯ ಕೆಳಗೆ ಗೋಣಿಚೀಲ ಮಡಚಿ ಹಾಕಿದೆ. ಆರಿತು. ಕೊನೆಗೆ ಡಬ್ಬಿಯನ್ನು ಅದರ ಕುಂಚಿಗಿಯಲ್ಲೇ ತೊಡೆಯ ಮೇಲೆ ಕೂರಿಸಿಕೊಂಡು ಗಂಡನ ಬೈಕಿನ ಹಿಂದೆ ಮಹಾಲಿಂಗಪುರಕ್ಕೆ ಹೋದೆ. ದಾರಿಯಲ್ಲಿ ಗೊಬ್ಬರದ ಟ್ರ್ಯಾಕ್ಟರಿನವನೊಬ್ಬ ಬಗ್ಗಿ ನೋಡಿ, "ಕೂಸು ಎಷ್ಟ ತಿಂಗಳದ್ರಿ?" ಎಂದು ಕೇಳಿಯೂಬಿಟ್ಟ. ನಮ್ಮವರು ಗಾಡಿ ನಿಲ್ಲಿಸಿ ನಕ್ಕು ಮುಗಿಸಿ ಮತ್ತೆ ಹೊರಟರು.

ರಿಪೇರಿಯವರು ಕುಂಚಿಗಿ ಕಳಚಿ ಪಕ್ಕಕ್ಕಿಟ್ಟರು. ಡಬ್ಬಿ ಬಿಚ್ಚುವ ಗೋಜಿಗೂ ಹೋಗದೆ ದಿನವಿಡೀ ಹಚ್ಚಿಟ್ಟರು. ದಿನವಿಡೀ ನಡೆಯಿತು. "ಇದಕ್ಕ ಏನೂ ಆಗಿಲ್ರೀ, ಆ ಲಿನಕ್ಸ್ ತಗದ ಒಗೀರಿ" ಎಂದರು. ಮನೆಗೆ ತಂದು, ಕುಂಚಿಗಿ ತೊಡಿಸಿ ಹಚ್ಚಿದೆ. ಚಹಾ ಕುದಿಯುವಷ್ಟರಲ್ಲಿ ಆರಿತು. ನನಗೆ ಸಿಟ್ಟು ನೆತ್ತಿಗೇರಿತು. ಮಾವನ ಮುಂದೆ ಹೋಗಿ, "ಮಾವಾರ, ಸ್ವಲ್ಪ ಹೊತ್ತು ಮಗ್ಗ ನಿಲ್ಲಸ್ತೀರೇನ್ರಿ?" ಎಂದೆ. ನಡೆಯುವ ಮಗ್ಗ ನಿಲ್ಲಿಸು ಎಂದು ಆ ಮನೆಯಲ್ಲಿ ಯಾವ ಸೊಸೆಯೂ ಕೇಳಿರಲಿಕ್ಕಿಲ್ಲ. ಮಾವ ನಿಲ್ಲಿಸಿದರು! ಇಡೀ ಮನೆ ಕಂಪ್ಯೂಟರಿನ ಸುತ್ತ ಉಸಿರು ಹಿಡಿದು ಕೂತಿತು. ಅದು ಎಲ್ಲರ ಕಣ್ಣೆದುರೇ ಆರಿತು.

ಇಷ್ಟರ ನಡುವೆ ಬಂದದ್ದು ಮಣ್ಣೆತ್ತಿನ ಅಮವಾಸ್ಯೆ. ಅಮವಾಸ್ಯೆ ನಮ್ಮಲ್ಲಿ ಮಗ್ಗಕ್ಕೆ ಸೂಟಿ. ಮಗ್ಗ ಒರೆಸಿ, ಎಣ್ಣೆ ಬಿಟ್ಟು, ಕಾಯಿ ಒಡೆದು, ಹೋಳಿಗೆ ಉಂಡು ಮಲಗುವ ದಿನ. ಅತ್ತೆ ಮನೆಯ ಹೊದಿಕೆಗಳನ್ನೆಲ್ಲ ಒಗೆದು ಮಾಳಿಗೆಯ ಮೇಲೆ ಹರವಿದ್ದರು. ಬೇಸರಕ್ಕೆ ಕಂಪ್ಯೂಟರ್ ಹಚ್ಚಿದೆ. ಸಂಜೆಯವರೆಗೆ ಅಲುಗಾಡದೆ ನಡೆಯಿತು! ಮರುದಿನ ಮತ್ತೆ ಅದೇ ಹಾಡು. ನಾಗರ ಅಮವಾಸ್ಯೆಗೂ ಹಾಗೇ: ಅಂದು ನಡೆಯಿತು, ಮರುದಿನ ಆರಿತು.

"ಮಗ್ಗ ನಿಲ್ಲಿಸಿದರೂ ನಡೀಲಿಲ್ಲ, ಅಮಾಸಿಗೆ ನಡೀತೈತಿ. ಅಂದ್ರ ಇದು ಮಗ್ಗದ ಸಂಬಂಧ ಅಲ್ಲ, ಅಮಾಸೀದ" ಎಂದು ಮಾವ ತೀರ್ಪು ಕೊಟ್ಟರು. ಲೆಕ್ಕ ಸರಿಯಾಗಿಯೇ ಇತ್ತು, ಅದೇ ನನ್ನ ಸಂಕಟ. ಓಣಿಗೆ ಸುದ್ದಿ ಹೋಯಿತು. ಒಬ್ಬಾಕೆ ಬಂದು ಡಬ್ಬಿಗೆ ನಿಂಬೆಹಣ್ಣು ಇಳಿಸಿ ಹೋದಳು. ನಮ್ಮವರು, "ತಿಂಗಳಿಗೊಂದ ದಿನಾ ದುಡಿಯೂ ನೌಕರಿ ನನಗೂ ಕೊಡಸ" ಎಂದು ಕಾಡತೊಡಗಿದರು. ನಾನು ನಗುತ್ತಲೇ ಇದ್ದೆ, ಆದರೆ ಅಂಚಿನಲ್ಲಿ ನಾಲ್ಕು ಚೌಕ ತುಂಬುವಷ್ಟರಲ್ಲಿ ಆರುವ ಯಂತ್ರ ಇಟ್ಟುಕೊಂಡು ದಸರಾದೊಳಗೆ ಏನು ಬಿಡಿಸುವುದು? ಅತ್ತೆ ರಾಟಿ ತಿರುಗಿಸುತ್ತ ನಡುನಡುವೆ ರಟ್ಟೆ ಒತ್ತಿಕೊಳ್ಳುವುದು ಕಂಡರೆ ಹಟ ಮಾಡುವುದಕ್ಕೂ ಮನಸ್ಸು ಬರುತ್ತಿರಲಿಲ್ಲ.

ಪಂಚಮಿಗೆ ಜಮಖಂಡಿಗೆ ಹೋದಾಗ ನೆಟ್ ಸೆಂಟರಿನಲ್ಲಿ ಕೂತು, ಲಿನಕ್ಸ್ ಬಳಸುವವರು ಪ್ರಶ್ನೆ ಕೇಳುವ ಜಾಗದಲ್ಲಿ ನನ್ನ ಗೋಳನ್ನು ಬರೆದೆ. ಅಮವಾಸ್ಯೆಯ ಮಾತು ಮಾತ್ರ ಮುಚ್ಚಿಟ್ಟೆ, ಮರ್ಯಾದೆ ಪ್ರಶ್ನೆ. ಮರುದಿನ ಹೋಗಿ ನೋಡಿದರೆ, ಎಲ್ಲಿಯವರೋ ಏನೋ, ಡಬ್ಬಿಯೊಳಗೆ ಎಷ್ಟು ಬಿಸಿ ಆಗುತ್ತದೆ, ಅಳೆದು ನೋಡಿದಿರಾ ಎಂದು ಒಬ್ಬರು ಕೇಳಿದ್ದರು. ಅಳೆಯುವ ಸಣ್ಣ ಪ್ರೋಗ್ರಾಂ ಒಂದರ ಹೆಸರನ್ನೂ ಹೇಳಿದ್ದರು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದೆ. ಮನೆಯಲ್ಲಿ ಹಾಕಲು ಹೋದರೆ, ನನಗೆ ಇನ್ನೊಂದು ತುಣುಕು ಬೇಕು ಎಂದಿತು. ಅದನ್ನು ತರಿಸಿದರೆ ಅದಕ್ಕೆ ಮತ್ತೊಂದು ಬೇಕಂತೆ. ಮನೆಯಲ್ಲಿ ನೆಟ್ ಇಲ್ಲ. ನಮ್ಮವರು ಮಹಾಲಿಂಗಪುರಕ್ಕೆ ನೂಲು ತರಲು ಹೋದಾಗಲೆಲ್ಲ ಒಂದೊಂದೇ ತುಣುಕು ತಂದುಕೊಡುತ್ತಿದ್ದರು. "ಇದೇನ ಪ್ರೋಗ್ರಾಮೋ, ಬೀಗರ ದಿಬ್ಬಣಾನೋ?" ಎಂದು ಗೊಣಗುತ್ತಿದ್ದರು. ಕೊನೆಯ ತುಣುಕು ಕೈಗೆ ಬಂದದ್ದು ಮಹಾನವಮಿ ಅಮವಾಸ್ಯೆಯ ಹಿಂದಿನ ದಿನ. ಅದಾದರೆ ದಸರಾ ಬಂದೇಬಿಟ್ಟಿತು.

ಅಮವಾಸ್ಯೆಯ ಮಧ್ಯಾಹ್ನ. ಮಗ್ಗ ಮೌನ. ಕಂಪ್ಯೂಟರ್ ತನ್ನ ಪದ್ಧತಿಯಂತೆ ಗಂಭೀರವಾಗಿ ನಡೆದಿತ್ತು. ಕಪ್ಪು ಕಿಟಕಿಯಲ್ಲಿ ಬಿಸಿಯ ಅಂಕಿ ಕದಲದೆ ನಿಂತಿತ್ತು. ನೋಡಿ ನೋಡಿ ಕಣ್ಣು ಎಳೆಯುತ್ತಿತ್ತು. ಅಷ್ಟರಲ್ಲಿ ಅತ್ತೆ ಮಾಳಿಗೆಯಿಂದ ಒಣಗಿದ ಹೊದಿಕೆಗಳನ್ನು ಹೊತ್ತು ಇಳಿದು ಬಂದರು. ಟೀವಿಗೆ ಹೊದಿಸಿದರು, ಮಿಕ್ಸರಿಗೆ ಹೊದಿಸಿದರು. ಆಮೇಲೆ ಮೇಜಿನ ಕೆಳಗೆ ಬಗ್ಗಿ, ಬಿಸಿಲಿನಿಂದ ಬೆಚ್ಚಗೆ ಬಂದಿದ್ದ ಕುಂಚಿಗಿಯನ್ನು ಡಬ್ಬಿಗೆ ತೊಡಿಸಿ, ಹಿಂದಿನ ಸೀಳನ್ನು ಜೋಪಾನವಾಗಿ ಒತ್ತಿ, ಮೇಲೊಮ್ಮೆ ತಟ್ಟಿ ಹೋದರು.

ಅಂಕಿ ಏರಿತು. ಮತ್ತೆ ಏರಿತು. ಅಂಬರಕ್ಕೆ ಹೊರಟಂತೆ ಏರುತ್ತಲೇ ಹೋಯಿತು. ಕುಂಚಿಗಿ ಕಿತ್ತೆ, ನಿಂತಿತು, ನಿಧಾನವಾಗಿ ಇಳಿಯಿತು. ತೊಡಿಸಿದೆ, ಏರಿತು. ಕಿತ್ತೆ, ಇಳಿಯಿತು. ನಾನು ಮೇಜಿನ ಕೆಳಗೇ ಕೂತು ನಗತೊಡಗಿದೆ. ಎಷ್ಟು ನಕ್ಕೆನೆಂದರೆ ಹೋಳಿಗೆ ಉಂಡು ಮಲಗಿದ್ದ ಮಾವ ಎದ್ದು ಬಂದು, "ಅಮಾಸಿ ಈಗ ಇಕಿಗೆ ಹಿಡೀತೇನ?" ಎಂದರು.

ನಗು ಇಳಿದ ಮೇಲೆ ಭಯವಾಯಿತು. ಹೇಳುವುದು ಹೇಗೆ? ಅಷ್ಟು ಮುತುವರ್ಜಿಯಿಂದ ಹೊಲಿದವರಿಗೆ, ನಿಮ್ಮ ಹೊಲಿಗೆಯೇ ರೋಗ ಅನ್ನಲೇ? ಸುಳ್ಳು ಹೇಳೋಣವೆಂದರೆ ನನ್ನ ಮುಖ ಕೇಳುವುದಿಲ್ಲ. ಅತ್ತೆಯ ಕೈ ಹಿಡಿದು ಕರೆತಂದು, ಅಂಕಿ ತೋರಿಸಿ, ಕುಂಚಿಗಿ ತೊಡಿಸಿ ತೆಗೆದು ತೋರಿಸಿದೆ. ಅತ್ತೆ ಅಂಕಿ ನೋಡಿದರು, ಕುಂಚಿಗಿ ನೋಡಿದರು, ನನ್ನನ್ನು ನೋಡಿದರು.

"ಅಂದ್ರ ಕೂಸಿಗೆ ಜ್ವರಾ ಬಂದಿತ್ತು, ನಾ ಮ್ಯಾಲೆ ಕೌದಿ ಹೊಚ್ಚಿ ಕುಂತಿದ್ನಿ!"

ಇಷ್ಟು ಹೇಳಿ ಅವರಿಗೂ ನಗು ತಡೆಯಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನೆಲಕ್ಕೆ ಕೂತರು. ಆಮೇಲೆ, "ಒಳಗ ಏನೈತಿ ಬಿಚ್ಚ, ನೋಡೋಣು" ಎಂದರು. ಮಾವ ಮಗ್ಗದ ಸ್ಕ್ರೂಡ್ರೈವರ್ ತಂದರು. ಬಿಚ್ಚಿದರೆ ಒಳಗಿನ ಪುಟ್ಟ ಫ್ಯಾನಿನ ರೆಕ್ಕೆ ಕಾಣುತ್ತಲೇ ಇಲ್ಲ, ಹತ್ತಿಯ ಎಳೆ ದಪ್ಪಗೆ ಮೆತ್ತಿಕೊಂಡು ಇನ್ನೊಂದು ಕೌದಿ ತಯಾರಾಗಿದೆ. ಕುಂಚಿಗಿಯ ಕಿಂಡಿಯಿಂದ ನುಗ್ಗಿದ್ದು ಹೊರಗೆ ಹೋಗಲು ದಾರಿ ಸಿಗದೆ ಅಲ್ಲೇ ಸಂಸಾರ ಹೂಡಿತ್ತು. ಅತ್ತೆ ಮಗ್ಗ ಒರೆಸುವ ಮೆದು ಬ್ರಷ್ ತಂದು ಅದನ್ನೆಲ್ಲ ಬಿಡಿಸಿ ತೆಗೆದರು. ಆವತ್ತೇ ಹಳೆಯ ಸೊಳ್ಳೆಪರದೆ ಕತ್ತರಿಸಿ ತೆಳುವಾದ ಹೊಸ ಹೊದಿಕೆ ಹೊಲಿದರು. ಮರುದಿನ ಮಗ್ಗ ಶುರುವಾದವು, ಕಂಪ್ಯೂಟರ್ ನಡೆಯಿತು. ಅಮವಾಸ್ಯೆ ಕಳೆದ ಮರುದಿನ ಅದು ನಡೆದದ್ದು ನೋಡಿ ನಾನು ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಎರಡು ಸುತ್ತು ಕುಣಿದೆ.

ಈಗ ಕೆಲಸಕ್ಕೆ ಬಿದ್ದೆ. ಬಳ್ಳಿಯ ಅಂಚು. ಬಳ್ಳಿಗೆ ಎಲೆ, ಎಲೆಗೊಂದು ಮೊಗ್ಗು. ಅತ್ತೆ ರಾಟಿ ಬಿಟ್ಟು ಬಂದು ಹಿಂದೆ ನಿಂತು ನೋಡುತ್ತಿದ್ದರು.

"ಎಲಿ ಬಾಡೇತಿ" ಎಂದರು.

"ಎಲ್ಲಿ ಬಾಡೇತ್ರಿ? ನೆಟ್ಟಗೈತಲ್ರೀ."

"ನೆಟ್ಟಗೈತಿ, ಅದಕ್ಕ ಬಾಡೇತಿ. ಬಳ್ಳ್ಯಾಗಿನ ಎಲಿ ಸ್ವಲ್ಪ ಹೊಳ್ಳಬೇಕು."

"ಹಂಗಾರ ನೀವ ಹೊಳ್ಳಸ್ರಿ" ಎಂದು ಎದ್ದು ಮೌಸ್ ಕೊಟ್ಟೆ. ಮೊದಮೊದಲು ಮೌಸ್ ಮೇಜು ಬಿಟ್ಟು ಕೆಳಗೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಚೌಕ ತುಂಬಿದರು. ಅಳಿಸಿದರು. ಪಕ್ಕದ್ದು ತುಂಬಿದರು. ಎಲೆ ನಿಜವಾಗಿಯೂ ಹೊರಳಿತು. "ಇದರಾಗ ರಟ್ಟಿ ನೋಯೂದಿಲ್ಲ ನೋಡ" ಎಂದು ನನ್ನ ಕಡೆ ತಿರುಗಿ ಹೇಳಿದ ಆ ಮುಖ ನನಗೆ ಇಂದಿಗೂ ಕಾಣುತ್ತದೆ.

ದಸರಾ ಆಯಿತು, ಬನ್ನಿ ಕೊಟ್ಟು ಬಂಗಾರದಂಗ ಇರೋಣು ಎಂದದ್ದಾಯಿತು. ಸೀಗಿ ಹುಣ್ಣಿಮೆಯ ಹೊತ್ತಿಗೆ ನಮ್ಮ ಬಳ್ಳಿ ಮಗ್ಗಕ್ಕೆ ಏರಿತು. ಅದರ ಬೆನ್ನಿಗೇ ಟಂಟಂನಲ್ಲಿ ಕಂಡಿಕಿ ಮಶಿನ್ನೂ ಬಂತು. ಹೊತ್ತು ತಂದವರು ಬಾಗಿಲಲ್ಲಿ ನಿಂತು, "ಎಲ್ಲಿ ಇಡೂದ್ರಿ?" ಎಂದು ಕೇಳಿದರು. ಮಾತಿನ ಪ್ರಕಾರ ಮೂಲೆ ನನ್ನದು. ಆದರೆ ಅತ್ತೆಯ ರಟ್ಟೆ ನೆನಪಾಗಿ ನನ್ನ ನಾಲಿಗೆ ಬೇರೆಯದನ್ನೇ ನುಡಿಯಿತು.

"ಅತ್ತಿ, ಆ ಮೂಲಿ ನಿಮಗ ಇರಲ್ರೀ. ಕಂಪ್ಯೂಟರ್ ಎಲ್ಲೆರ ಇಡೋಣು."

ಅತ್ತೆ ಮೂಲೆಯಲ್ಲೇ ಇದ್ದರು, ಕುರ್ಚಿಯ ಮೇಲೆ, ಎರಡನೆಯ ಅಂಚು ಬಿಡಿಸುತ್ತ. ಪರದೆಯಿಂದ ಕಣ್ಣು ಕೀಳಲಿಲ್ಲ.

"ಎಲ್ಲೆರ ಅಂದ್ರ? ನಾ ಇಲ್ಲಿ ಕುಂತದ್ದು ಕಾಣಸೂದಿಲ್ಲೇನ?" ಎಂದು ನನ್ನನ್ನು ಗದರಿಸಿ, ಹೊತ್ತವರಿಗೆ ಕೂಗಿದರು. "ಏ ಅಣ್ಣಾರ, ಗ್ವಾಡಿ ಕಡೆ ನನ್ನ ಮಂಚ ಐತಲ್ಲ, ಅದನ್ನ ಅಡಗಿಮನ್ಯಾಗ ಹಾಕಿ ಮಶಿನ್ ಅಲ್ಲಿ ಇಡ್ರಿ. ವಾಯರ್ ಎಳಸೋಣಂತ. ಕಂಡಿಕಿ ಇನ್ನ ಮ್ಯಾಲೆ ಇಕಿ ಸುತ್ತತಾಳ, ಬಿಸಿಎ ಓದ್ಯಾಳ, ಬಟನ್ ಒತ್ತಾಕ ಬರತೈತಿ."

ನಮ್ಮವರು ಅತ್ತ ತಿರುಗಲೂ ಇಲ್ಲ, ನನ್ನ ಮುಖಕ್ಕೇ ನಕ್ಕರು. ವಾಯರ್ ಎಳೆಸಿದ ದಿನದಿಂದ ನಾನು ಕಂಡಿಕಿ ಸುತ್ತಲು ಕೂತೆ. ನಗು ಒತ್ತರಿಸಿ ಬಂದು ಎಳೆ ಹರಿಯುತ್ತಿತ್ತು, ಕಟ್ಟಿದರೆ ಮತ್ತೆ ಹರಿಯುತ್ತಿತ್ತು. ಅಷ್ಟು ಖುಷಿಯಾಗಿ ಅದಕ್ಕೂ ಮೊದಲು ನಾನು ಆ ಮನೆಯಲ್ಲಿ ಇದ್ದದ್ದಿಲ್ಲ.

ಒಂದು ಸಂಜೆ ಲೈಟ್ ಹೋಯಿತು. ಮಗ್ಗ, ಮಶಿನ್, ಕಂಪ್ಯೂಟರ್ ಎಲ್ಲ ಒಟ್ಟಿಗೆ ನಿಂತವು. ಬಿಡಿಸಿದ್ದನ್ನು ಉಳಿಸಿಡುವುದು ಹೇಗೆಂದು ಅತ್ತೆಗೆ ಹೇಳಿಕೊಟ್ಟೇ ಇಲ್ಲವೆಂದು ಆಗ ಹೊಳೆಯಿತು. ಬೆಳಗಿನಿಂದ ತುಂಬಿದ ಅಂಚು ಅಷ್ಟೂ ಹೋಗಿತ್ತು. ಹತ್ತಿರ ಹೋಗಿ ಅಳುಕುತ್ತ ಹೇಳಿದೆ. ಅತ್ತೆ ಕುರ್ಚಿಯಿಂದ ಎದ್ದು ದೀಪ ಹಚ್ಚಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಹೋದರ ಹೋಗಲಿ ಬಿಡ. ರಾಟಿ ತಿರಿವಿಕೋತ ಎಷ್ಟ ವರ್ಷ ಕುಂತೇನಿ ನಾ, ಇಂಥಾವು ತಲ್ಯಾಗ ರಗಡ ತುಂಬ್ಯಾವು."

ಕರೆಂಟ್ ಬಂದ ಕೂಡಲೇ, ನಾನು ಏಳುವ ಮೊದಲೇ ಹೋಗಿ ಕುರ್ಚಿಯಲ್ಲಿ ಕೂತರು.